ಡೋರಿನ ಭಾರ ಇಳಿಸಿ, ಒಳಗಿನ ಕಬ್ಬಿಣ ಮುಟ್ಟಬೇಡಿ

ಹಳೇ ಮಾರುತಿ 800, ಜಿಪ್ಸಿ ತಂದು ಊರ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟುವ ಹುಡುಗರು ಈಗ ನಮ್ಮ ತಾಲೂಕುಗಳಲ್ಲೂ ಇದ್ದಾರೆ. ಅವರ ಕೈಕೆಲಸ ನಮಗೆ ಮೆಚ್ಚುಗೆ. ಆದರೆ ತೂಕ ಇಳಿಸುವ ಹೆಸರಲ್ಲಿ ಗ್ರೈಂಡರ್ ಹಿಡಿದು ಡೋರಿನ ಒಳಗಿನ ಕಬ್ಬಿಣ ಕತ್ತರಿಸುವುದನ್ನು ನಾವು ಒಪ್ಪುವುದಿಲ್ಲ.

ಕಾರಣ ಸರಳ. ಎದುರಿನಿಂದ ಗುದ್ದಿದರೆ ಬಂಪರ್, ಬಾನೆಟ್, ಇಂಜಿನ್ ಪೆಟ್ಟು ತಡೆಯುತ್ತವೆ. ಪಕ್ಕದಿಂದ ಗುದ್ದಿದರೆ ನಿಮಗೂ ಲಾರಿಗೂ ನಡುವೆ ಇರುವುದು ಒಂದು ಡೋರ್ ಮಾತ್ರ. ಅದಕ್ಕೇ ಈಗಿನ ಕಾರುಗಳ ಡೋರಿನೊಳಗೆ ಅಡ್ಡಲಾಗಿ ಉಕ್ಕಿನ ಬೀಮ್ ಇರುತ್ತದೆ. ಪಕ್ಕದ ಡಿಕ್ಕಿಯ ಪರೀಕ್ಷೆ ನಮ್ಮ ದೇಶದಲ್ಲಿ ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಿಂದ, ಉಳಿದವಕ್ಕೆ 2019ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರುಗಳಲ್ಲಿ ರಕ್ಷಣೆ ಮೊದಲೇ ಕಡಿಮೆ. ಇರುವಷ್ಟನ್ನೂ ಕತ್ತರಿಸಿದರೆ ಉಳಿಯುವುದು ಬರೀ ತಗಡು.

"ರ‍್ಯಾಲಿ ಕಾರಿನಲ್ಲಿ ಡೋರ್ ಖಾಲಿ ಇರುತ್ತಲ್ಲ?" ಎನ್ನುತ್ತೀರಿ. ಹೌದು, ಆದರೆ ಅಲ್ಲಿ ಒಳಗೆ ರೋಲ್ ಕೇಜ್ ಇದೆ, ಡೋರಿನ ಜಾಗದಲ್ಲಿ ಅಡ್ಡ ಪೈಪುಗಳಿವೆ, ಎರಡೂ ಹೆಗಲಿಗೆ ಬೆಲ್ಟ್ ಇದೆ, ತಲೆಗೆ ಹೆಲ್ಮೆಟ್ ಇದೆ. ಅದೆಲ್ಲ ಬಿಟ್ಟು ಖಾಲಿ ಡೋರ್ ಒಂದನ್ನೇ ನಕಲು ಮಾಡಿದರೆ ಆಗುವುದಿಲ್ಲ. ಸಂತೆಗೆ, ಮದುವೆಗೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರು ಅದು.

ಕಾನೂನೂ ಗಟ್ಟಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಸ್ಸಿಗೆ ಬಂದಂತೆ ಗಾಡಿ ಬದಲಾಯಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಕ್ರಮವಾಗಿ ಮಾಡಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು.

ಹಾಗಾದರೆ ಭಾರ ಇಳಿಸುವುದು ಹೇಗೆ? ಮೂಗಿಗಿಂತ ಮೂಗುತಿ ಭಾರ ಎಂಬಂತೆ ಆಮೇಲೆ ಕೂರಿಸಿದ ದೊಡ್ಡ ಸ್ಪೀಕರ್, ಅದರ ಮರದ ಹಲಗೆ, ಸದ್ದು ತಡೆಯಲು ಅಂಟಿಸಿದ ಹಾಳೆ ಮೊದಲು ತೆಗೆಯಿರಿ. ಡೋರಿನ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ಕೆಸರು ಕಟ್ಟಿದರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ. ಒಂದು ತಂತಿ ಆಡಿಸಿ ಬಿಡಿಸಿ. ಡೋರ್ ಜೋತುಬಿದ್ದಿದ್ದರೆ ತೂಕವನ್ನೇ ಬೈಯಬೇಡಿ, ಕೀಲಿನ ಪಿನ್ನು, ಬುಷ್ ಸವೆದಿದೆಯಾ ನೋಡಿ.

ಬೀಮ್ ಕತ್ತರಿಸಿ ಉಳಿಸುವುದು ಕೆಲವೇ ಕೆಜಿ. ಅದಕ್ಕಿಂತ ಹೆಚ್ಚು ತೂಕ ಡಿಕ್ಕಿಯಲ್ಲಿ ಬಿದ್ದಿರುವ ಹಳೇ ಸಾಮಾನಿನಲ್ಲೇ ಇರಬಹುದು. ಮೊದಲು ಅದನ್ನು ಇಳಿಸಿ.