ಶೆಡ್ಡಿನ ಮಕ್ಕಳಿಗೆ ಪಾಠದ ಭಾಷೆ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಏಳುವ ಕಡೆ ಕೂಲಿಕಾರರ ತಗಡಿನ ಶೆಡ್ಡುಗಳೂ ಏಳುತ್ತವೆ. ಅಲ್ಲಿಂದ ಸರ್ಕಾರಿ ಶಾಲೆಗೆ ಬರುವ ಮಗುವಿನ ಮನೆಮಾತು ಒಡಿಯಾ, ಬಂಗಾಳಿ ಅಥವಾ ತೆಲುಗು; ಯಾದಗಿರಿಯ ತಾಂಡಾದಿಂದ ಬಂದದ್ದಾದರೆ ಲಂಬಾಣಿ. ಪಾಠ ಅರ್ಥವಾಗದೆ ಸುಮ್ಮನೆ ಕೂತ ಮಗುವಿಗೆ ನಾವು ದಡ್ಡ ಎಂಬ ಹಣೆಪಟ್ಟಿ ಕಟ್ಟಿಬಿಡುತ್ತೇವೆ. ಇದು ಅನ್ಯಾಯ.

ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ವಲಸೆ ಮಕ್ಕಳಿಗಾಗಿಯೇ 2017ರಲ್ಲಿ ಶುರುವಾದ ‘ರೋಶ್ನಿ’ ಯೋಜನೆಯನ್ನು ನಮ್ಮ ಶಿಕ್ಷಣ ಇಲಾಖೆ ಹೋಗಿ ನೋಡಿಬರಬೇಕು. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕರು ಅಲ್ಲಿ ಮಗುವಿನ ಮಾತಿನಿಂದಲೇ ಹೊರಟು ಅದನ್ನು ಮಲಯಾಳಂಗೆ ಕರೆತಂದರು. ಬೆಳಗಿನ ತಿಂಡಿಯನ್ನೂ ಕೊಟ್ಟರು. ಹಸಿದ ಮಗುವಿಗೆ ಯಾವ ಭಾಷೆಯೂ ಹತ್ತುವುದಿಲ್ಲವಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯೇ ಸಾಧ್ಯವಾದಷ್ಟೂ ತಾಯ್ನುಡಿಯಲ್ಲಿ ಬೋಧಿಸಿ ಎನ್ನುತ್ತದೆ; ಅದರ ಪ್ರಕಾರ ವರ್ಗಾವಣೆ ಪತ್ರ (ಟಿ.ಸಿ.) ತಡವಾದರೂ ಮಗುವನ್ನು ಸೇರಿಸಿಕೊಳ್ಳಲೇಬೇಕು. ಅದೇ ಶೆಡ್ಡುಗಳಲ್ಲಿ ಒಂದಿಷ್ಟು ಓದಿದ, ಮಗುವಿನ ಮನೆಮಾತು, ಕನ್ನಡ ಎರಡನ್ನೂ ಬಲ್ಲ ಹೆಣ್ಣುಮಕ್ಕಳಿದ್ದರೆ ಇಲಾಖೆ ಹುಡುಕಿ, ಗೌರವಧನ ಕೊಟ್ಟು ತರಗತಿಗೆ ಕರೆಸಲಿ. ಮೊದಲ ಕೆಲವು ತಿಂಗಳು ಕನ್ನಡ ಮಾತಾಗಿ, ಹಾಡಾಗಿ, ಆಟವಾಗಿ ಬರಲಿ. ಅಕ್ಷರ, ಪರೀಕ್ಷೆ ಆಮೇಲೆ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವ ಹೊತ್ತಿಗೆ ಇಷ್ಟಾದರೂ ಆಗಬೇಕು.