ಪರವೂರಿನ ಚೈತ್ರ

ವಸಂತವೆಂದೊಡನೆ ಕೋಗಿಲೆ, ಮಾಮರ, ತಂಗಾಳಿಗಳನ್ನು ನೆನೆಯುವುದು ಕವಿಗಳ ವಾಡಿಕೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಸಂತವಾದರೋ ಬೇರೊಂದು ಬಗೆಯದು. ಹಿಂಗಾರಿ ಜೋಳದ ರಾಶಿ ಮುಗಿದು ಎರೆಯ ಹೊಲಗಳು ಬಿರುಕು ಬಿಡುತ್ತವೆ, ಹಳ್ಳಕೊಳ್ಳಗಳು ಬತ್ತುತ್ತವೆ, ಬೇವು ಮಾತ್ರ ಬಿಸಿಲಿಗೆ ಅಂಜದೆ ಹೂವಾಗುತ್ತದೆ. ಯುಗಾದಿಯ ದಿನ ಆ ಹೂವನ್ನೇ ಬೆಲ್ಲ, ಹುಣಿಸೆ, ಮಾವಿನಕಾಯಿಗಳೊಡನೆ ನೀರಿನಲ್ಲಿ ಕದಡಿ ಕುಡಿಯುತ್ತೇವೆ. ಈ ಋತುವನ್ನು ಕಳೆಯುವುದು ಇಲ್ಲಿ ಹುಟ್ಟಿದವರಿಗೇ ಸುಲಭವಲ್ಲ. ಹಾಗಿರುವಾಗ ಹೊರಗಿನಿಂದ ಬಂದವನು ಹೇಗೆ ಬಾಳುತ್ತಾನೆ? ಊರು ಅವನನ್ನು ಹೇಗೆ ಕಾಣುತ್ತದೆ? ಒಂದು ಊರಿನ ದೊಡ್ಡತನವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಸೀಮೆಯಲ್ಲಿ ಬಾಳಿದ ಪರದೇಶಿಯರಲ್ಲಿ ಫಿಲಿಪ್ ಮೆಡೋಸ್ ಟೇಲರನ ಹೆಸರು ಪ್ರಸಿದ್ಧವಾದುದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಇವನು 15ರ ಹರೆಯದಲ್ಲಿಯೇ ಭಾರತಕ್ಕೆ ಬಂದನು. ನಿಜಾಮನ ಸೇನೆಯಲ್ಲಿದ್ದು, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಜೇವರ್ಗಿಯ ದಕ್ಷಿಣಕ್ಕಿರುವ ಈ ಸುರಪುರವು ಇಂದು ಯಾದಗಿರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಈಗಲೂ ನಿಂತಿದೆ. ಬೋನಾಳದ ಕೆರೆಯನ್ನು ಅವನು ಉತ್ತಮಗೊಳಿಸಿದನು. ಜೇವರ್ಗಿಯ ಬಳಿಯ ಕಲ್ಗೋರಿಗಳನ್ನು ಅಗೆಯಿಸಿ, ಅಲ್ಲಿ ದೊರೆತ ಅಸ್ಥಿಪಂಜರಗಳನ್ನೂ ಮಡಕೆಗಳನ್ನೂ ಕುರಿತು ಲೇಖನ ಬರೆದನು. ನಾವು ದನ ಮೇಯಿಸುತ್ತಿದ್ದ ನೆಲದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಮಲಗಿರುವರೆಂಬುದನ್ನು ಲೋಕಕ್ಕೆ ತಿಳಿಸಿದವನು ಒಬ್ಬ ಹೊರಗಿನವನು! ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇಷ್ಟೆಲ್ಲ ನಿಜವಾದರೂ ಇದರ ಇನ್ನೊಂದು ಮುಖವನ್ನು ಮರೆಯಲಾಗದು. ಟೇಲರನು ಊರಿಗೆ ಬಂದದ್ದು ನೆರೆಯವನಾಗಿ ಅಲ್ಲ, ಆಳುವವನಾಗಿ. 1858ರಲ್ಲಿ ಅದೇ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದುನಿಂತು, ಸೆರೆಸಿಕ್ಕಿ, ಅದೇ ವರ್ಷ ಮಡಿದನು. 1860ರಲ್ಲಿ ಬ್ರಿಟಿಷರು ಆ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದರು. ನೆಲವನ್ನು ಪ್ರೀತಿಸುವುದು ಬೇರೆ, ಆ ನೆಲದವರನ್ನು ಸಮಾನರೆಂದು ಎಣಿಸುವುದು ಬೇರೆ. ಟೇಲರನ ಕೊನೆಯೂ ಪರನಾಡಿನಲ್ಲಿಯೇ ಆಯಿತು. 1876ರ ಮೇ ತಿಂಗಳಿನಲ್ಲಿ, ಭಾರತದಿಂದ ತಾಯ್ನಾಡಿಗೆ ಮರಳುವಾಗ, ಫ್ರಾನ್ಸಿನ ಕಡಲತೀರದ ಮಾಂತೋಂ ಪಟ್ಟಣದಲ್ಲಿ ಅವನು ತೀರಿಕೊಂಡನು. ಚಳಿಗೆ ಅಂಜಿದ ಆಂಗ್ಲರು ಬಿಸಿಲನ್ನರಸಿ ಹೋಗಿ ನೆಲಸುತ್ತಿದ್ದ ಊರು ಅದು. ಬಿಸಿಲು ಒಬ್ಬರಿಗೆ ಭೋಗ, ಇನ್ನೊಬ್ಬರಿಗೆ ಬೇಗೆ!

ಈಗ ನಮ್ಮ ಇಂದಿನ ಚೈತ್ರವನ್ನು ನೋಡೋಣ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯಲು ಹೊರಗಿನಿಂದ ಬರುವ ಕುಟುಂಬಗಳು ಹೊಲದ ಅಂಚಿನಲ್ಲಿ ಜೋಪಡಿ ಹಾಕಿಕೊಂಡು ವಾಸಿಸುತ್ತವೆ. ಅವರೂ ಪರವೂರಿನವರೇ. ಅವರಿಗೆ ಗುಡ್ಡದ ಮೇಲೆ ಮಹಲಿಲ್ಲ. ಆತ್ಮಕಥೆ ಬರೆಯುವ ಬಿಡುವಿಲ್ಲ. ಸಾಹೇಬನ ಬಂಗಲೆಯನ್ನು ಮಕ್ಕಳಿಗೆ ತೋರಿಸಿ ಅವನ ಹೆಸರನ್ನು ಹೇಳುವ ನಾವು, ನಮ್ಮ ಹೊಲದ ಕಬ್ಬನ್ನು ಕಡಿದವನ ಹೆಸರನ್ನು ಕೇಳಿದ್ದೇವೆಯೆ? ಬಾವಿಯ ನೀರು ತಳ ಕಂಡಾಗ ನಾವು ಮೊದಲು ತಡೆಯುವುದು ಅವರ ಕೊಡವನ್ನೇ ಅಲ್ಲವೆ?

“ಅವರು ಇಂದು ಬಂದು ನಾಳೆ ಹೋಗುವವರು, ಅವರ ಚಿಂತೆ ನಮಗೇಕೆ?” ಎಂದು ಕೆಲವರು ಹೇಳಬಹುದು. ನೀರು ಊರಿಗೇ ಸಾಲದಿರುವಾಗ ಈ ಮಾತು ಸಹಜವೂ ಹೌದು. ಆದರೆ ಬಾಯಾರಿಕೆಗೆ ಊರು, ಪರವೂರು ಎಂಬ ಭೇದವುಂಟೆ? ಮಕ್ಕಳ ವಿಷಯದಲ್ಲಂತೂ ಈ ವಾದವು ನಿಲ್ಲದು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಅಥವಾ ವರ್ಷದ ನಡುವೆ ಬಂದಿತೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಕಾಯಿದೆಯು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಬೆಂಚಿನ ಮೇಲೆ ಸರಿದು ಕುಳಿತು ಜಾಗ ಕೊಡುವ ಕೆಲಸ ಮಾತ್ರ ಅಲ್ಲಿರುವ ಮಕ್ಕಳದೇ.

ನಮ್ಮವರ ಪಾಡನ್ನಾದರೂ ನೆನೆಯೋಣ. ರಾಶಿ ಮುಗಿದ ಮೇಲೆ ಈ ಮೂರು ತಾಲ್ಲೂಕುಗಳಿಂದ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋಗುವವರು ಎಷ್ಟು ಮಂದಿಯಿಲ್ಲ! ಮನೆಯ ಮುದುಕರಿಗೆ ಕೀಲಿಕೈ ಒಪ್ಪಿಸಿ, ಗಂಟಿನಲ್ಲಿ ಜೋಳದ ಹಿಟ್ಟನ್ನು ಕಟ್ಟಿಕೊಂಡು ಹೊರಡುತ್ತಾರೆ. ಪರರ ಮಹಡಿಗಳಿಗೆ ಕಲ್ಲು ಹೊತ್ತು, ತಾವು ಮಾತ್ರ ತಗಡಿನ ನೆರಳಿನಲ್ಲಿ ಚೈತ್ರವನ್ನು ಕಳೆಯುತ್ತಾರೆ. ಅಲ್ಲಿ ಯಾರಾದರೂ “ಯಾವ ಊರಪ್ಪಾ ನಿನ್ನದು?” ಎಂದು ಅಕ್ಕರೆಯಿಂದ ಕೇಳಿದರೆ ಅವರಿಗೆ ಎಷ್ಟು ಸಮಾಧಾನ! ಆ ಸಮಾಧಾನವನ್ನು ಇಲ್ಲಿಗೆ ಬಂದವರಿಗೆ ನಾವೂ ಕೊಡಬೇಕಲ್ಲವೆ?

ಪ್ರೀತಿಯ ವಿದ್ಯಾರ್ಥಿಗಳೇ, ಬೇವು ಬೆಲ್ಲವನ್ನು ನಾವು ಒಬ್ಬರೇ ಕುಡಿಯುವುದಿಲ್ಲ. ಮನೆಗೆ ಬಂದವರಿಗೆಲ್ಲ ಕೊಟ್ಟು ಕುಡಿಯುತ್ತೇವೆ. ಈ ವಾಡಿಕೆಯು ಹೊಸಿಲಿನ ಬಳಿ ನಿಲ್ಲದೆ ಹೊಲದಂಚಿನ ಜೋಪಡಿಯವರೆಗೂ ಹೋಗಲಿ. ಮುಂದಿನ ಯುಗಾದಿಯಂದು ಒಂದು ಬಟ್ಟಲನ್ನು ಅಲ್ಲಿಗೂ ಒಯ್ಯಿರಿ. ಅಲ್ಲಿ ನಿಮ್ಮ ವಯಸ್ಸಿನ ಮಗುವಿದ್ದರೆ ಮೊದಲು ಅದರ ಹೆಸರನ್ನು ಕೇಳಿರಿ. ಬಳಿಕ ಅದು ಯಾವ ತರಗತಿಯಲ್ಲಿ ಓದಬೇಕಾಗಿತ್ತೆಂಬುದನ್ನು ಕೇಳಿರಿ. ಆ ಉತ್ತರವನ್ನು ನಿಮ್ಮ ಶಾಲೆಯ ಗುರುಗಳಿಗೆ ತಲುಪಿಸಿರಿ.