ಸೇತುವೆ ನಿಂತಿತು, ನಿಲ್ಲಿಸಿದವರು ಹೊರಟುಹೋದರು

ಸಿಗಂದೂರಿನ ಸೇತುವೆಗೆ 2025ರ ಜುಲೈ 14ರಂದು ಟೇಪು ಕತ್ತರಿಸಿದ್ದಾಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದರು. ಮುಖ್ಯಮಂತ್ರಿಗಳನ್ನು ಸರಿಯಾಗಿ ಕರೆದರೋ ಇಲ್ಲವೋ ಎಂದು ಜಟಾಪಟಿಯಾಯಿತು. ಸೇತುವೆಗೆ ಯಾರ ಹೆಸರು ಇಡಬೇಕು ಎಂದು ಇನ್ನೊಂದು ಜಗಳ. ಸಾಗರದ ಬಸ್‌ಸ್ಟ್ಯಾಂಡಿನಿಂದ ಹಿಡಿದು ತುಮರಿಯ ಅಂಗಡಿ ಕಟ್ಟೆಯವರೆಗೆ ಎಲ್ಲರೂ ಬಾಯಿಗೆ ಬಂದಷ್ಟು ಮಾತಾಡಿದರು. ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ: ಇದನ್ನು ನೀರಿನ ಮಧ್ಯೆ ನಿಲ್ಲಿಸಿದವರು ಯಾರು ಮಾರಾಯ್ರೆ? ಈಗ ಅವರು ಎಲ್ಲಿದ್ದಾರೆ?

ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸುಮಾರು 2.4 ಕಿ.ಮೀ. ಖರ್ಚು 470 ಕೋಟಿ ರೂಪಾಯಿ ಮೀರಿದೆ. ಹಿನ್ನೀರಿನ ನಡುವೆ ಇಂಥದ್ದನ್ನು ಕಟ್ಟುವ ಕ್ರಮವನ್ನು ಅಂಗಡಿಯವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಅದು ತಕ್ಕಡಿ ಲೆಕ್ಕ. ಕಂಬದ ಈ ಕಡೆಗೆ ಒಂದು ತುಂಡು ಸೇರಿಸಿದರೆ ಆ ಕಡೆಗೂ ಅಷ್ಟೇ ತೂಕದ ತುಂಡು ಸೇರಿಸಬೇಕು. ಹೀಗೆ ಎರಡೂ ಕೈ ಚಾಚುತ್ತಾ ಚಾಚುತ್ತಾ ಮುಂದಿನ ಕಂಬದ ಕೈ ಹಿಡಿಯಬೇಕು. ಹಿಡಿಯುವ ಹೊತ್ತಿಗೆ ಎತ್ತರ ಸ್ವಲ್ಪ ತಪ್ಪಿದರೂ ಎರಡು ತುದಿ ಕೂಡುವುದಿಲ್ಲ. ಆ ಅಳತೆ ನೋಡುವವನೇ ಸೈಟ್ ಇಂಜಿನಿಯರು. ಅವನ ಜೊತೆಗೆ ಕ್ರೇನಿನವನು, ಕಬ್ಬಿಣ ಕಟ್ಟುವವನು, ಖಲಾಸಿ. ಮಳೆಗಾಲದಲ್ಲಿ ನೀರು ಏರಿದರೆ ಕಾಯಬೇಕು, ಇಳಿದರೆ ರಾತ್ರಿ ಹಗಲು ದುಡಿಯಬೇಕು.

ಕೆಳದಿ ಸೀಮೆಗೆ ಈ ಜಾತಿಯ ಜನ ಹೊಸಬರಲ್ಲ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ, ಒಟ್ಟು 1,035 ಮೆಗಾವಾಟ್. ಇತ್ತ ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟೆಯ ನೀರು ಘಟ್ಟ ಇಳಿದು ಗುಡ್ಡದ ಹೊಟ್ಟೆಯೊಳಗಿನ ವಾರಾಹಿ ವಿದ್ಯುದಾಗಾರ ಸೇರುತ್ತದೆ. ಪ್ರತಿ ಸಲವೂ ಅದೇ ಕಥೆ. ಹೊರಗಿನಿಂದ ಜನ ಬಂದರು, ಶೆಡ್ಡು ಹಾಕಿದರು, ಯಂತ್ರ ಕೂರಿಸಿದರು, ಶೆಡ್ಡು ಕಿತ್ತುಕೊಂಡು ಹೋದರು. ಮನೆ ತೋಟ ಮುಳುಗಿಸಿಕೊಂಡವರು ನಾವು. ಕೆಲಸ ಕಲಿತವರು ಬೇರೆಯವರು.

ಕೂರಿಸುವುದು ಎಂದರೆ ಬರೀ ಎತ್ತಿ ಇಡುವುದಲ್ಲ. ಟರ್ಬೈನಿನ ದಿಂಡು ಟನ್ನುಗಟ್ಟಲೆ ತೂಗುತ್ತದೆ, ಆದರೆ ಅದರ ನೇರ ನೋಡುವುದು ಕೂದಲೆಳೆ ಲೆಕ್ಕದಲ್ಲಿ. ಅಷ್ಟು ಓರೆಯಾದರೂ ಯಂತ್ರ ನಡುಗುತ್ತದೆ, ಬೇರಿಂಗು ಕಾಯುತ್ತದೆ. ಸೇತುವೆಯದೂ ಅದೇ ಪಾಡು. ಹತ್ತು ಡಿಗ್ರಿ ಬಿಸಿಲು ಏರಿದರೆ ಒಂದು ಕಿಲೋಮೀಟರ್ ಕಾಂಕ್ರೀಟು ಸುಮಾರು 10 ಸೆಂ.ಮೀ. ಹಿಗ್ಗುತ್ತದೆ. ಅದಕ್ಕೇ ನಡುನಡುವೆ ಜಾಯಿಂಟು ಬಿಟ್ಟಿರುತ್ತಾರೆ, ಕಂಬದ ತಲೆಯ ಮೇಲೆ ಬೇರಿಂಗು ಇಟ್ಟಿರುತ್ತಾರೆ. ಬಸ್ಸು ದಡಕ್ ಎಂದು ಹಾರುವುದು ಆ ಜಾಯಿಂಟಿನ ಮೇಲೆ. ತಂತಿಹಗ್ಗಕ್ಕೆ ಮೊದಲ ದಿನ ಎಷ್ಟು ಬಿಗಿ ಇತ್ತು, ಬೇರಿಂಗು ಎಲ್ಲಿ ಕೂತಿತ್ತು ಎಂಬ ಲೆಕ್ಕ ಇದ್ದರೆ ಇಪ್ಪತ್ತು ವರ್ಷದ ನಂತರ ಏನು ಕೆಟ್ಟಿದೆ ಎಂದು ಹೇಳಬಹುದು. ಆ ಲೆಕ್ಕವೂ ಇಲ್ಲ, ಅದನ್ನು ಓದಬಲ್ಲವನೂ ಇಲ್ಲ ಎಂದರೆ ದೇವರೇ ಗತಿ.

ಸುಮ್ಮನೆ ಹೆದರಿಸುತ್ತಿಲ್ಲ. ಸಿಗಂದೂರು ಸೇತುವೆಗೆ ಟೇಪು ಕತ್ತರಿಸುವುದಕ್ಕೆ ಐದೇ ದಿನ ಮೊದಲು, ಜುಲೈ 9ರಂದು, ಗುಜರಾತಿನ ಗಂಭೀರಾ ಸೇತುವೆ ಮುರಿದು ವಾಹನಗಳು ಮಹಿಸಾಗರ ನದಿಗೆ ಬಿದ್ದವು. ಕನಿಷ್ಠ 20 ಜನ ಸತ್ತರು. ಆ ಸೇತುವೆಗೆ ಆಗಿದ್ದದ್ದು ನಲವತ್ತೇ ವರ್ಷ.

ನಮ್ಮ ರಾಜ್ಯದ್ದೇ ಬೇಕಾ? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹತ್ತಾರು ಟಿಎಂಸಿ ನೀರು ಕಣ್ಣೆದುರೇ ಹೊಳೆ ಪಾಲಾಯಿತು. ಆಗ ಸರ್ಕಾರ ಯಾರನ್ನು ಹುಡುಕಿಕೊಂಡು ಹೋಯಿತು? ಎಂಬತ್ತರ ಆಸುಪಾಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿಗೇ ಕಬ್ಬಿಣದ ತಡೆಹಲಗೆ ಇಳಿಸುವ ಕೆಲಸ ಅವರ ಕಣ್ಗಾವಲಿನಲ್ಲಿ ನಡೆದು, ಆಗಸ್ಟ್ 16ರ ಸಂಜೆ ಮೊದಲ ಹಲಗೆ ಕೂತಿತು. ಮುದುಕರ ವಿದ್ಯೆ ಮರ್ಯಾದೆ ಉಳಿಸಿತು, ಸಂತೋಷ. ಆದರೆ ಅದೇ ಹೊಸಪೇಟೆಯಲ್ಲಿ ಅಣೆಕಟ್ಟೆ ಗೇಟು ಮಾಡುವುದರಲ್ಲೇ ಹೆಸರಾಗಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ 2015ರಲ್ಲೇ ತೀರ್ಮಾನಿಸಿತ್ತಲ್ಲ? ಲಿಂಗನಮಕ್ಕಿಗೂ 11 ಗೇಟುಗಳಿವೆ. ಹಾಗಾಗಬಾರದು, ಆದರೆ ಒಂದು ಅಪರಾತ್ರಿ ಫೋನು ಮಾಡುವುದಾದರೆ ಯಾರಿಗೆ ಮಾಡುವುದು?

"ಗುತ್ತಿಗೆಯಲ್ಲಿ ದುರಸ್ತಿ ಹೊಣೆ ಇರುತ್ತೆ ಕಣ್ರೀ" ಎಂದು ತಿಳಿದವರು ಹೇಳಬಹುದು. ಇರುತ್ತೆ, ಒಪ್ಪೋಣ. ಅದು ಕೆಲವು ವರ್ಷದ ಮಾತು. ದೊಡ್ಡ ಸೇತುವೆಗೆ ನೂರು ವರ್ಷ ಆಯುಸ್ಸು ಎಂದು ಲೆಕ್ಕ ಹಾಕುತ್ತಾರೆ. ಉಳಿದ ವರ್ಷ ಕಾಯುವವರು ಇಲ್ಲಿನವರೇ ಆಗಬೇಕು. ದೂರದ ಆಫೀಸಿನಿಂದ ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು, ಸಿಗಂದೂರಿನಲ್ಲಿ ಪ್ರಸಾದ ಉಂಡು ಹೋಗುವವರಿಂದ ಅದು ಆಗುವ ಕೆಲಸವಲ್ಲ.

ಆದ್ದರಿಂದ ಕೇಳಬೇಕಾದ್ದು ಮೂರೇ. ಒಂದು, ಸೇತುವೆಯ ಮೊದಲ ದಿನದ ಅಳತೆ ಪುಸ್ತಕದ ಒಂದು ಪ್ರತಿ ಸಾಗರದಲ್ಲೇ ಇರಲಿ, ವರ್ಷ ವರ್ಷದ ತಪಾಸಣೆಯ ವರದಿಯನ್ನು ಜನ ನೋಡುವಂತಾಗಲಿ. ಎರಡು, ಇನ್ನು ಮುಂದೆ ಈ ಮೂರು ತಾಲ್ಲೂಕಿಗೆ ಬರುವ ಯಾವುದೇ ದೊಡ್ಡ ಕಾಮಗಾರಿಯ ಟೆಂಡರಿನಲ್ಲಿ, ಇಲ್ಲಿನ ಐಟಿಐ ಮತ್ತು ಡಿಪ್ಲೊಮಾ ಹುಡುಗ ಹುಡುಗಿಯರನ್ನು ಕೂರಿಸುವ ಕೆಲಸಕ್ಕೆ ಸೇರಿಸಿಕೊಂಡು ಕಲಿಸಬೇಕೆಂಬ ಷರತ್ತು ಬರಲಿ. ಗೇಟು ಕಾಯುವ ವಾಚ್‌ಮನ್ ಕೆಲಸ ಕೊಟ್ಟು "ಸ್ಥಳೀಯರಿಗೆ ಉದ್ಯೋಗ" ಎಂದು ಬೋರ್ಡು ಹಾಕುವುದು ಸಾಕು. ಮೂರು, ಶಿಲಾಫಲಕದಲ್ಲಿ ಮಂತ್ರಿಗಳ ಹೆಸರು ಕೆತ್ತಿ ಜಾಗ ಉಳಿದರೆ, ಸೈಟಿನಲ್ಲಿ ನಿಂತು ದುಡಿದ ಇಂಜಿನಿಯರು, ಖಲಾಸಿಗಳದ್ದೂ ನಾಲ್ಕು ಹೆಸರು ಬರಲಿ. ಜಾಗ ಉಳಿಯದಿದ್ದರೆ ಮಂತ್ರಿಗಳದ್ದೇ ನಾಲ್ಕು ಕಡಿಮೆಯಾಗಲಿ.

ಸಂಜೆ ಲಾಂಚು ತಪ್ಪಿದರೆ ಆಚೆ ದಡದ ಮನೆ ಕಾಣುತ್ತಿದ್ದರೂ ಸೇರಲಾಗದ ಕಾಲವನ್ನು ಕರೂರು ಹೋಬಳಿಯವರು ದಶಕಗಟ್ಟಲೆ ಉಂಡಿದ್ದಾರೆ. ಅವರಿಗೆ ಸೇತುವೆ ಯಾರ ಕೊಡುಗೆಯೂ ಅಲ್ಲ, ಮುಳುಗಿದ ಊರಿಗೆ ಬಂದ ಬಾಕಿ. ಬಾಕಿ ಕೈಗೆ ಬಂದಿದೆ. ಅದನ್ನು ಮೊಮ್ಮಕ್ಕಳ ಕಾಲದವರೆಗೆ ಕಾಪಾಡುವ ಕೈಗಳನ್ನು ಈಗಲೇ ತಯಾರು ಮಾಡಬೇಕು. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರನ್ನು ಹಾರ ಹಾಕುವ ಮುಂಚೆ ಇಷ್ಟು ಕೇಳಿ: ಸ್ವಾಮಿ, ಈ ಸೇತುವೆಯ ಬೇರಿಂಗು ನೋಡುವವರ ಹೆಸರೇನು, ಅವರು ಎಲ್ಲಿ ಸಿಗುತ್ತಾರೆ?